ಬಗ್ಗಿ ಪುಟಿಯುತ್ತಿದೆ, ಶಾಕ್‌ಗೆ ಎಷ್ಟು ಮಂದದ ಎಣ್ಣೆ?

ಪ್ರಶ್ನೆ: ಹೊಸ ಆರ್‌ಸಿ ಬಗ್ಗಿ (ರಿಮೋಟಿನಲ್ಲಿ ಮಣ್ಣಿನ ಮೇಲೆ ಓಡಿಸುವ ಪುಟ್ಟ ಕಾರು) ಕಿಟ್ ಜೋಡಿಸಿದೆ, 1/10 ಸೈಜಿನದು. ಜಂಪ್ ಇಳಿದ ತಕ್ಷಣ ಮತ್ತೆ ಪುಟಿದು ಪಲ್ಟಿ ಹೊಡೆಯುತ್ತದೆ. ಶಾಕ್‌ಗೆ (ಶಾಕ್ ಅಬ್ಸಾರ್ಬರ್‌ಗೆ) ಎಷ್ಟು ಮಂದದ ಎಣ್ಣೆ ಹಾಕಬೇಕು?

ಊರು ಬೇರೆ, ಕಿಟ್ ಬೇರೆ, ಪ್ರಶ್ನೆ ಮಾತ್ರ ಅದೇ. ಒಂದು ವಿಷಯ ಗಮನಿಸಿ. ಮಂದ ಎಣ್ಣೆ ಹಾಕಬೇಕಾ ಬೇಡ್ವಾ ಅಂತ ಯಾರೂ ಕೇಳುವುದಿಲ್ಲ, ಎಷ್ಟು ಮಂದ ಅಂತ ಕೇಳುತ್ತಾರೆ. ತೀರ್ಮಾನ ಆಗಲೇ ಆಗಿಹೋಗಿದೆ, ನನ್ನಿಂದ ಬೇಕಾಗಿರುವುದು ಬರೀ ನಂಬರ್.

ನಂಬರ್ ನಿಮ್ಮ ಕಿಟ್ಟಿನ ಪುಸ್ತಕದಲ್ಲೇ ಇದೆ. ಅದನ್ನೇ ಹಾಕಿ. ವೇಟ್ ಅಂದರೆ ಎಣ್ಣೆಯ ಮಂದದ ಅಳತೆ, ನಂಬರ್ ಜಾಸ್ತಿ ಆದಷ್ಟೂ ಮಂದ ಜಾಸ್ತಿ. ಪುಸ್ತಕದಲ್ಲಿ 35 ವೇಟ್ ಅಂತ ಇದ್ದರೆ 35 ಹಾಕಿ, 60 ಅಲ್ಲ. ರೇಸ್ ಕಿಟ್ಟಿನ ಪುಸ್ತಕದಲ್ಲಿರುವ ಸೆಟಪ್ ಟ್ರ್ಯಾಕಿನಲ್ಲಿ ಓಡಿಸಿ ನೋಡಿ ಬರೆದದ್ದು, ಹೊಸಬರಿಗೆ ಅಂತ ಸುಮ್ನೆ ತುಂಬಿಸಿದ್ದಲ್ಲ. ಇದನ್ನು ಹೇಳಿದರೆ ಯಾರೂ ಒಪ್ಪುವುದಿಲ್ಲ, ಆದ್ದರಿಂದ ಉಳಿದದ್ದು ಬರೆಯಬೇಕಾಗಿದೆ.

‘ಸಸ್ಪೆನ್ಷನ್ ಗಟ್ಟಿ ಇದ್ದಷ್ಟೂ ಗಾಡಿ ರೇಸಿಗೆ ಹತ್ತಿರ’ ಅನ್ನೋ ನಂಬಿಕೆ ಟಿವಿಯಲ್ಲಿ ಫಾರ್ಮುಲಾ ಒನ್ ನೋಡಿ ಬಂದದ್ದು ಅಂತ ನನ್ನ ಅನುಮಾನ. ಅದು ನುಣುಪು ಡಾಂಬರಿನ ಮೇಲೆ ಓಡುವ ಗಾಡಿ. ನಾವು ಓಡಿಸುವುದು ಮಣ್ಣಿನ ಮೇಲೆ, ಹೊಂಡ, ಅಲೆಅಲೆ ಎದ್ದ ನೆಲ, ಉರುಳು ಕಲ್ಲು. ಇಲ್ಲಿ ಸಸ್ಪೆನ್ಷನ್ ಮಾಡಬೇಕಾದ ಕೆಲಸ ಒಂದೇ, ಟೈರನ್ನು ನೆಲಕ್ಕೆ ಅಂಟಿಸಿ ಇಡೋದು. ನೆಲ ಬಿಟ್ಟ ಟೈರು ಗಾಡಿಯನ್ನು ತಳ್ಳುವುದೂ ಇಲ್ಲ, ತಿರುಗಿಸುವುದೂ ಇಲ್ಲ.

ಸ್ಪ್ರಿಂಗ್ ಮತ್ತು ಎಣ್ಣೆ ಎರಡಕ್ಕೂ ಬೇರೆ ಬೇರೆ ಕೆಲಸ. ಸ್ಪ್ರಿಂಗ್ ಗಾಡಿಯ ತೂಕ ಹೊರುತ್ತದೆ, ಏಟು ಬಿದ್ದಾಗ ಆ ಶಕ್ತಿಯನ್ನು ಹಿಡಿದಿಟ್ಟು ವಾಪಸ್ ಕೊಡುತ್ತದೆ. ವಾಪಸ್ ಕೊಡುವಾಗ ಅದನ್ನು ತಿಂದುಹಾಕಿ ಬಿಸಿ ಮಾಡಿ ಕಳೆಯುವುದು ಎಣ್ಣೆ. ಶಾಕ್ ಒಳಗೆ ಸಣ್ಣ ತೂತುಗಳಿರುವ ಪಿಸ್ಟನ್ ಇದೆ, ಎಣ್ಣೆ ಆ ತೂತಿನಲ್ಲಿ ತೂರಿಕೊಂಡು ಹೋಗಬೇಕು. ಎಣ್ಣೆ ಮಂದವಾದಷ್ಟೂ ತೂರುವುದು ನಿಧಾನ.

ಸರಿ, ನಿಧಾನ ಆದ್ರೆ ಒಳ್ಳೇದೇ ಅಲ್ವಾ? ಅಲ್ಲ. ಗದ್ದೆಯ ಕೆಸರಿನಲ್ಲಿ ನಿಧಾನವಾಗಿ ನಡೆದರೆ ತೊಂದರೆ ಇಲ್ಲ. ಓಡಿ ನೋಡಿ, ಹಿಂದಿನ ಕಾಲು ಮೇಲೆ ಬರುವಷ್ಟರಲ್ಲಿ ಮುಂದಿನದು ಹೂತಿರುತ್ತೆ. ಮಂದ ಎಣ್ಣೆಯ ಶಾಕ್‌ಗೂ ಅದೇ ಗತಿ. ಒಂದು ಉಬ್ಬಿಗೆ ಚಕ್ರ ಮೇಲೆ ಹೋಯಿತು, ಕೆಳಗೆ ಬರುವ ಮೊದಲೇ ಎರಡನೇ ಉಬ್ಬು, ಮೂರನೇ ಉಬ್ಬು. ಶಾಕ್ ಪ್ರತಿ ಸಲವೂ ಇನ್ನಷ್ಟು ಒಳಗೇ ಸಿಕ್ಕಿಕೊಳ್ಳುತ್ತಾ ಹೋಗಿ ಕೊನೆಗೆ ಚಾಸಿ (ಗಾಡಿಯ ತಳ) ನೆಲಕ್ಕೆ ಕುಕ್ಕುತ್ತದೆ, ಗಾಡಿ ಪಕ್ಕಕ್ಕೆ ಎಗರುತ್ತದೆ. ಆಗ ನೋಡುವವರು ಏನು ಹೇಳುತ್ತಾರೆ? ‘ಇನ್ನೂ ಪುಟಿಯುತ್ತಿದೆ, ಇನ್ನಷ್ಟು ಮಂದ ಹಾಕು’. ಹೀಗೆ 35ರಿಂದ 50, 50ರಿಂದ 70. ಕೊನೆಗೆ ಶಾಕ್ ಇದ್ದೂ ಇಲ್ಲದ ಹಾಗೆ.

ಎಣ್ಣೆಯೇ ಇಲ್ಲದಿದ್ದರೆ ಪುಟಿಯುತ್ತದೆ, ಅದು ನಿಜ. 1984ರಲ್ಲಿ ಜಪಾನಿನ ತಮಿಯಾ ಗ್ರಾಸ್‌ಹಾಪರ್ ಅನ್ನೋ ಬಗ್ಗಿ ಬಿಟ್ಟಿತು. ಅದರ ಶಾಕ್‌ಗಳಲ್ಲಿ ಎಣ್ಣೆ ಇರಲಿಲ್ಲ, ಬರೀ ಸ್ಪ್ರಿಂಗ್ ಮತ್ತು ಒಂದಿಷ್ಟು ಉಜ್ಜಾಟ. ಇವತ್ತಿಗೂ ಅದನ್ನು ಓಡಿಸಿದರೆ ಕುಣಿದುಕೊಂಡೇ ಹೋಗುತ್ತದೆ, ಜನ ಅದಕ್ಕೇ ಅದನ್ನು ಪ್ರೀತಿಸುತ್ತಾರೆ. ಅದೇ ವರ್ಷ ಅಮೆರಿಕದ ಟೀಮ್ ಅಸೋಸಿಯೇಟೆಡ್ ಕಂಪನಿ ಆರ್‌ಸಿ10 ಅನ್ನೋ ಬಗ್ಗಿ ತಂದಿತು, ಚಿನ್ನದ ಬಣ್ಣದ ಅಲ್ಯೂಮಿನಿಯಂ ಚಾಸಿ, ನಾಲ್ಕೂ ಕಡೆ ಎಣ್ಣೆ ತುಂಬಿದ ಶಾಕ್. ರೇಸ್ ಬಗ್ಗಿಗಳು ಆಮೇಲೆ ಹಿಡಿದದ್ದು ಎರಡನೆಯದರ ದಾರಿ. ಅಂದರೆ ಎಣ್ಣೆ ಬೇಕೇ ಬೇಕು. ಜಾಸ್ತಿ ಮಂದ ಬೇಕು ಅನ್ನೋದು ಬೇರೆ ಮಾತು.

ಹಾಗಾದರೆ ನಿಮ್ಮ ಗಾಡಿ ಯಾಕೆ ಪುಟಿಯುತ್ತಿದೆ? ಮೊದಲು ನೋಡಬೇಕಾದದ್ದು ಶಾಕ್ ಒಳಗಿನ ಗಾಳಿ. ಶಾಕ್ ಬಿಚ್ಚಿ, ಸ್ಪ್ರಿಂಗ್ ತೆಗೆದು, ಕಿವಿ ಹತ್ತಿರ ಹಿಡಿದು ರಾಡನ್ನು ಒಳಗೆ ಹೊರಗೆ ಆಡಿಸಿ. ಬುಳಬುಳ ಅಂತ ಸದ್ದು ಬಂದರೆ, ಅಥವಾ ನಡುವೆ ಒಂದು ಕಡೆ ರಾಡ್ ಸಡಿಲವಾಗಿ ಜಾರಿದರೆ ಗಾಳಿ ಇದೆ ಅಂತಲೇ ಅರ್ಥ. ಪಿಸ್ಟನ್ ಗಾಳಿಯಲ್ಲಿ ಓಡುವಷ್ಟು ಹೊತ್ತು ಸ್ಪ್ರಿಂಗನ್ನು ತಡೆಯುವವರೇ ಇಲ್ಲ. ಇಂಥ ಶಾಕ್‌ಗೆ 100 ವೇಟ್ ಎಣ್ಣೆ ಹಾಕಿದರೂ ಪ್ರಯೋಜನವಿಲ್ಲ. ಮಂದ ಎಣ್ಣೆಯಲ್ಲಿ ಗುಳ್ಳೆ ಮೇಲೆ ಬರುವುದೇ ನಿಧಾನ, ಅವಸರದಲ್ಲಿ ಮುಚ್ಚಿದರೆ ಗಾಳಿ ಇನ್ನೂ ಜಾಸ್ತಿ ಉಳಿಯುತ್ತೆ.

ತುಂಬುವುದು ಹೀಗೆ. ಮೊದಲು ಪಿಸ್ಟನ್ ಅಂಚಿನಲ್ಲಿ ಅಚ್ಚಿನ ಚೂರು ಉಳಿದಿದ್ದರೆ ಬ್ಲೇಡಿನಲ್ಲಿ ಸವರಿ ತೆಗೆಯಿರಿ. ರಾಡಿಗೆ ಕೆಳಗಿನ ಪ್ಲಾಸ್ಟಿಕ್ ಕೊನೆ ತಿರುಗಿಸುವಾಗ ಬರೀ ಇಕ್ಕಳದಲ್ಲಿ ಹಿಡಿಯಬೇಡಿ, ಬಟ್ಟೆ ಸುತ್ತಿ ಹಿಡಿಯಿರಿ. ರಾಡಿನ ಮೇಲೆ ಕಣ್ಣಿಗೆ ಕಾಣದಷ್ಟು ಗೀರು ಬಿದ್ದರೂ ಅದು ಪ್ರತಿ ಸಲ ಓ ರಿಂಗನ್ನು (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರ) ಕೊಯ್ಯುತ್ತದೆ, ಆಮೇಲೆ ‘ಶಾಕ್ ಸೋರುತ್ತಿದೆ’ ಅಂತ ಇನ್ನೊಂದು ಪ್ರಶ್ನೆ ಬರುತ್ತೆ. ಪಿಸ್ಟನ್ನಿನ ಪುಟ್ಟ ಇ ಕ್ಲಿಪ್ ಹಾಕುವಾಗ ಕೈಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಹಾಕಿ. ಹಾರಿದರೆ ಸೋಫಾ ಕೆಳಗೆ ಹುಡುಕುವ ಕೆಲಸ ತಪ್ಪುತ್ತದೆ.

ಆಮೇಲೆ ರಾಡನ್ನು ಪೂರ್ತಿ ಕೆಳಗೆ ಎಳೆದು, ಸಿಲಿಂಡರ್ ತುಟಿಯವರೆಗೆ ಎಣ್ಣೆ ಬಿಡಿ. ಪಿಸ್ಟನ್ನನ್ನು ಎಣ್ಣೆಯ ಒಳಗೇ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳು ಒಂದೊಂದಾಗಿ ಮೇಲೆ ಬರುತ್ತವೆ. ಬೇಗ ಬೇಗ ಆಡಿಸಿದರೆ ನೊರೆ ಏಳುತ್ತದೆ, ಮೊದಲಿಂದ ಶುರು ಮಾಡಬೇಕು. ನಾಲ್ಕನ್ನೂ ನಿಲ್ಲಿಸಿಟ್ಟು ಹೋಗಿ ಕಾಫಿ ಕುಡಿದು ಬನ್ನಿ. ಗುಳ್ಳೆ ನಿಂತ ಮೇಲೆ ಮತ್ತೆ ತುಟಿಯವರೆಗೆ ತುಂಬಿ, ಮುಚ್ಚಳ ಹಾಕುವಾಗ ಪುಸ್ತಕ ಹೇಳಿದಷ್ಟು ರಾಡನ್ನು ಒಳಗೆ ತಳ್ಳಿ ಹೆಚ್ಚಿನ ಎಣ್ಣೆ ಹೊರಗೆ ಬರಲು ಬಿಡಿ. ಈ ಹೆಜ್ಜೆ ಬಿಟ್ಟವರ ಶಾಕ್ ಒತ್ತಿ ಬಿಟ್ಟರೆ ತಾನೇ ಜೋರಾಗಿ ಹೊರಗೆ ಬರುತ್ತದೆ. ಒಳಗೆ ಬರುವ ರಾಡಿಗೆ ಜಾಗವೇ ಇಲ್ಲ, ಅದು ಇನ್ನೇನು ಮಾಡೀತು? ಎಡ ಬಲ ಎರಡನ್ನೂ ಒಟ್ಟಿಗೆ ಒತ್ತಿ ನೋಡಿ. ಒಂದೇ ವೇಗದಲ್ಲಿ ಬರಬೇಕು.

ಇಷ್ಟಾದ ಮೇಲೂ ಪುಟಿದರೆ ತೋಳುಗಳನ್ನು ನೋಡಿ. ಶಾಕ್ ಬಿಚ್ಚಿಟ್ಟಾಗ ಸಸ್ಪೆನ್ಷನ್ ತೋಳು ತನ್ನ ಭಾರಕ್ಕೆ ತಾನೇ ಕೆಳಗೆ ಬೀಳಬೇಕು. ನಡುವೆ ನಿಂತರೆ ಪಿನ್ ಬಿಗಿಯಾಗಿದೆ. ಇನ್ನು ಎತ್ತರ. ಬ್ಯಾಟರಿ ಹಾಕಿ ನೆಲದಿಂದ ಚಾಸಿಗೆ ಅಳೆಯಿರಿ. ಗುಂಡಿ ಗುಂಡಿ ಮಣ್ಣಿಗೆ 22ರಿಂದ 25 ಮಿಮೀ ಸುತ್ತಮುತ್ತ ಶುರು ಮಾಡಬಹುದು, ಕಾರ್ಪೆಟ್ ಟ್ರ್ಯಾಕಿಗೆ ಅದಕ್ಕಿಂತ ತಗ್ಗು. ಕೊನೆಗೆ ಗಾಡಿಯನ್ನು ಒಂದಡಿ ಎತ್ತರದಿಂದ ಸಪಾಟಾಗಿ ಮೇಜಿನ ಮೇಲೆ ಬಿಡಿ. ತಳ ಮೇಜಿಗೆ ಮುಟ್ಟಿದರೂ ಪರವಾಗಿಲ್ಲ, ಚಕ್ರ ಮೇಲೆ ಏಳದೆ ತನ್ನ ಎತ್ತರಕ್ಕೆ ಬಂದು ಕೂತರೆ ಎಣ್ಣೆ ಸರಿ ಇದೆ.

ಮಂದ ಎಣ್ಣೆ ಬೇಕಾಗುವುದೇ ಇಲ್ಲ ಅಂತಲ್ಲ. ಬಿಸಿಲಿಗೆ ಎಣ್ಣೆ ತೆಳುವಾಗುತ್ತೆ. ಡಿಸೆಂಬರಿನ ಬೆಂಗಳೂರು ಬೆಳಗಿಗೆ ಸರಿ ಇದ್ದ ಶಾಕ್ ಏಪ್ರಿಲ್‌ನಲ್ಲಿ ರಾಯಚೂರಿನ ಮಧ್ಯಾಹ್ನಕ್ಕೆ ಸಡಿಲ ಅನಿಸಬಹುದು. ಆಗ 35 ಇದ್ದದ್ದು 37.5 ಅಥವಾ 40 ಮಾಡಿ. ಒಂದೇ ಮೆಟ್ಟಿಲು. ದೊಡ್ಡ ಜಂಪ್‌ಗಳ ಟ್ರ್ಯಾಕಾದರೆ ಎಣ್ಣೆಗಿಂತ ಪಿಸ್ಟನ್ ಬದಲಾಯಿಸುವುದು ಜಾಣತನ. ಸಣ್ಣ ತೂತಿನ ಪಿಸ್ಟನ್ ಮತ್ತು ತೆಳು ಎಣ್ಣೆ ಕೈಯಲ್ಲಿ ಒತ್ತಿದಾಗ ಮೊದಲಿನಷ್ಟೇ ಮೆತ್ತಗಿರುತ್ತೆ, ಜೋರು ಏಟಿಗೆ ಮಾತ್ರ ಗಟ್ಟಿಯಾಗುತ್ತೆ. ಗುಂಡಿ ಜಾಸ್ತಿ ಇದ್ದರೆ ಇದರ ಉಲ್ಟಾ. ವೇಟ್ ನಂಬರ್ ಒಂದೊಂದು ಕಂಪನಿಗೆ ಒಂದೊಂದು ಥರ, ಬಾಟಲಿ ಮೇಲೆ ಸೆಂಟಿಸ್ಟೋಕ್ ಲೆಕ್ಕ (ಮಂದ ಅಳೆಯುವ ಇನ್ನೊಂದು ಮಾನ) ಇದ್ದರೆ ಅದನ್ನು ನಂಬಿ. 30 ವೇಟ್ ಅಂದರೆ ಸುಮಾರು 350 ಸೆಂಟಿಸ್ಟೋಕ್.

ಮತ್ತೆ, ದಯವಿಟ್ಟು, ಸಿಲಿಕೋನ್ ಎಣ್ಣೆಯನ್ನೇ ಹಾಕಿ. ಬೈಕಿನ ಎಂಜಿನ್ ಆಯಿಲ್ ಹಾಕಿದರೆ ಸಿಲಿಕೋನ್ ಓ ರಿಂಗ್ ಊದಿಕೊಂಡು ರಾಡ್ ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಹಾಕಬಹುದಾ ಅಂತಲೂ ಕೇಳಿದ್ದಾರೆ. ಚಳಿಗಾಲದಲ್ಲಿ ನಿಮ್ಮ ಬಚ್ಚಲಮನೆಯ ಬಾಟಲಿ ನೋಡಿ.

ಪಲ್ಟಿಯ ವಿಷಯ ಬಂತಲ್ಲ, ಯಾರೂ ಕೇಳದ ಒಂದು ಮಾತು ಹೇಳಿಬಿಡುತ್ತೇನೆ. ಎಷ್ಟೋ ಸಲ ತಪ್ಪು ಶಾಕಿನದ್ದಲ್ಲ, ಬೆರಳಿನದ್ದು. ಜಂಪ್ ಮೇಲೆ ಹೋದ ಕೂಡಲೇ ಹೆದರಿ ಥ್ರಾಟಲ್ ಬಿಟ್ಟು ಬ್ರೇಕ್ ಒತ್ತುತ್ತಾರೆ. ಗಾಳಿಯಲ್ಲಿ ಚಕ್ರದ ತಿರುಗುವಿಕೆ ನಿಲ್ಲಿಸಿದರೆ ಆ ತಿರುಗುವಿಕೆ ಗಾಡಿಯ ಮೈಗೆ ಬರುತ್ತದೆ, ಮೂತಿ ಕೆಳಗೆ ಹೋಗುತ್ತದೆ. ಮೂತಿಯ ಮೇಲೆ ಇಳಿದ ಗಾಡಿಯನ್ನು ಯಾವ ಎಣ್ಣೆಯೂ ಉಳಿಸುವುದಿಲ್ಲ. ಥ್ರಾಟಲ್ ಒತ್ತಿದರೆ ಉಲ್ಟಾ, ಮೂತಿ ಮೇಲೆ ಏಳುತ್ತದೆ. ಮೋಟೋಕ್ರಾಸ್ ಬೈಕಿನವರು ಗಾಳಿಯಲ್ಲಿ ಮಾಡುವುದೂ ಇದನ್ನೇ. ನಾಲ್ಕು ಚಕ್ರವೂ ಓಡುವ ಬಗ್ಗಿಯಲ್ಲಿ ಈ ಎಳೆತ ಇನ್ನೂ ಜೋರು.

ನಂಬಿಕೆ ಬರದಿದ್ದರೆ ಗಾಡಿಯ ಮೈಯನ್ನು ನಡುವೆ ಹಿಡಿದು, ಬೆರಳು ಚಕ್ರದಿಂದಲೂ ಗೇರಿನಿಂದಲೂ ದೂರ ಇಟ್ಟು, ಥ್ರಾಟಲನ್ನು ಒಂದು ಸಲ ಚುಟುಕಾಗಿ ಒತ್ತಿ. ಕೈಯೊಳಗೆ ಮೂತಿ ಮೇಲೆ ಏಳಲು ನೋಡುತ್ತೆ. ಬ್ರೇಕ್ ಒತ್ತಿ, ಕೆಳಗೆ ಹೋಗುತ್ತೆ. ಇದು ಕೈಗೆ ಗೊತ್ತಾದ ಮೇಲೆ ಚಿಕ್ಕದೊಂದು ಜಂಪ್ ಆರಿಸಿಕೊಂಡು, ಗಾಳಿಯಲ್ಲಿ ಥ್ರಾಟಲ್ ಹಿಡಿದು, ಹಿಂದಿನ ಚಕ್ರ ತುಸು ಮೊದಲು ನೆಲ ಮುಟ್ಟುವ ಹಾಗೆ ಇಳಿಸುವುದನ್ನು ಅಭ್ಯಾಸ ಮಾಡಿ. 60 ವೇಟಿನ ಬಾಟಲಿ ತಗೊಂಡಾಗಿದ್ದರೆ ಬೀರುವಿನಲ್ಲಿ ಇರಲಿ.