"ಮಗು ಶಾಕ್‌ನಲ್ಲಿದೆ" ಅಂದಾಗ ಅಮ್ಮನಿಗೆ ಕೇಳಿಸಿದ್ದೇನು?

"ಪ್ಲೇಟ್‌ಲೆಟ್ ಎಷ್ಟಿದೆ ಡಾಕ್ಟ್ರೇ?"

ಡೆಂಗಿ ಆದ ಮಗುವನ್ನು ಮಕ್ಕಳ ಐಸಿಯುಗೆ ಸೇರಿಸಿದ ಮೇಲೆ ಮನೆಯವರು ಮೊದಲು ಕೇಳುವುದು ಇದನ್ನೇ. ಒಳಗೆ ನಾವು ನೋಡುತ್ತಿರುವುದು ಬೇರೆ. ನಾಡಿ ಹೇಗಿದೆ, ಕೈಕಾಲು ತಣ್ಣಗಾಗಿದೆಯಾ, ಮೂತ್ರ ಎಷ್ಟು ಹೋಯಿತು, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತಿದೆಯಾ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ ಅದು ಬರುತ್ತದೆ. ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರತೊಡಗುತ್ತದೆ, 24ರಿಂದ 48 ಗಂಟೆ ಸೋರುತ್ತಲೇ ಇರುತ್ತದೆ. ಮೈ ಬಿಸಿ ಇಳಿದಿದೆ, ಇನ್ನು ಹುಷಾರಾಗ್ತಾಳೆ ಅಂತ ಅಮ್ಮ ಅಂದುಕೊಂಡಿರುತ್ತಾರೆ. ಅದೇ ಹೊತ್ತಿಗೆ ನಾವು ಹೊರಗೆ ಬಂದು "ಸೀರಿಯಸ್ ಇದೆ" ಎನ್ನುತ್ತೇವೆ. ಅವರು ಹೇಗೆ ನಂಬಬೇಕು?

ನಾನಿನ್ನೂ ಕಲಿಯುತ್ತಿದ್ದ ದಿನಗಳು. ರಾತ್ರಿ ಡ್ಯೂಟಿ. ಏಳು ವರ್ಷದ ಹುಡುಗಿಯ ಅಮ್ಮನಿಗೆ ಬಾಗಿಲ ಬಳಿ ನಿಂತೇ "ಮಗು ಶಾಕ್‌ನಲ್ಲಿದೆ, ಇನ್ನೊಂದು ದಿನ ಏನೂ ಹೇಳಕ್ಕಾಗಲ್ಲಮ್ಮ" ಎಂದು ಒಳಗೆ ಓಡಿದೆ. ಬೆಳಿಗ್ಗೆ ಆಕೆ ಕೇಳಿದರು: "ಮೊನ್ನೆ ಅವಳನ್ನ ಒಬ್ಬಳನ್ನೇ ಮನೇಲಿ ಬಿಟ್ಟು ಕೆಲಸಕ್ಕೆ ಹೋಗಿದ್ದೆ ಸಾರ್. ಹೆದರಿಕೊಂಡಿದ್ದಕ್ಕೇ ಶಾಕ್ ಆಯ್ತಾ?"

ನಮಗೆ ಶಾಕ್ ಅಂದರೆ ಅಂಗಾಂಗಗಳಿಗೆ ರಕ್ತದ ಓಟ ಸಾಲದಿರುವುದು. ಆಕೆಗೆ ಶಾಕ್ ಅಂದರೆ ಭಯ. ಎಲ್ಲಾ ತನ್ನದೇ ತಪ್ಪು ಅಂದುಕೊಂಡು ಇಡೀ ರಾತ್ರಿ ಬೆಂಚಿನ ಮೇಲೆ ಕೂತಿದ್ದರು. ಮಗು ಉಳಿಯಿತು. ಆದರೆ ಆಕೆ ಹಾಗೆ ಕಳೆದ ರಾತ್ರಿ ನನ್ನಿಂದ ಆದದ್ದು.

ಈಗ ನಾನು ಮೊದಲು ಕುರ್ಚಿ ಎಳೆದು ಕೂರುತ್ತೇನೆ. "ಇದುವರೆಗೆ ನಿಮಗೆ ಏನಂತ ಹೇಳಿದ್ದಾರೆ?" ಎಂದು ಕೇಳುತ್ತೇನೆ. ಕ್ಯಾನ್ಸರ್ ರೋಗಿಗಳ ಜೊತೆ ಮಾತಾಡಲು ರೂಪಿಸಿ 2000ದಲ್ಲಿ ಪ್ರಕಟಿಸಿದ ಸ್ಪೈಕ್ಸ್ ಎಂಬ ಆರು ಹಂತಗಳ ಪದ್ಧತಿಯಲ್ಲೂ, ವಿಷಯ ಹೇಳುವ ಮೊದಲು ಅವರಿಗೆ ಗೊತ್ತಿರುವುದನ್ನು ಕೇಳುವ ಹಂತ ಇದೆ. ಹೀಗೆ ಕೇಳಿದರೆ ಎಷ್ಟೋ ಸಂಗತಿ ಹೊರಬರುತ್ತದೆ. "ಮಿಷನ್ ಹಾಕಿದ್ರೆ ಮುಗೀತು ಅಂತ ನಮ್ಮ ಭಾವ ಹೇಳಿದ್ರು" ಅನ್ನುವುದು ಹಾಗೆ ಬಂದ ಮಾತು. ಆಗ ವೆಂಟಿಲೇಟರ್ ಬಗ್ಗೆ ಬಿಡಿಸಿ ಹೇಳಬಹುದು: ಉಸಿರಾಡುವ ಕೆಲಸ ಸ್ವಲ್ಪ ದಿನ ಮಿಷನ್ ಮಾಡುತ್ತದೆ. ಗಂಟಲಲ್ಲಿ ಕೊಳವೆ ಇರುವುದರಿಂದ ದನಿ ಬರುವುದಿಲ್ಲ. ನಿದ್ದೆಯ ಔಷಧಿ ಕೊಟ್ಟಿದ್ದರೂ ನಿಮ್ಮ ಮಾತು ಅವಳಿಗೆ ಕೇಳಿಸಬಹುದು, ಕೈ ಹಿಡಿದು ಮಾತಾಡಿ.

"ಎಷ್ಟು ಪರ್ಸೆಂಟ್ ಗ್ಯಾರಂಟಿ?" ಎಂದರೆ ಸುಮ್ನೆ ಒಂದು ಸಂಖ್ಯೆ ಹೇಳುವುದಿಲ್ಲ. ನನಗೆ ಯಾವುದರ ಭಯ ಇದೆ, ಸಂಜೆಯೊಳಗೆ ಏನನ್ನು ಕಾಯುತ್ತಿದ್ದೇವೆ ಎಂದು ಹೇಳುತ್ತೇನೆ. ಜೀವಕ್ಕೆ ಅಪಾಯ ಇದ್ದರೆ ಅದನ್ನೂ ಮುಚ್ಚಿಡುವುದಿಲ್ಲ. ಆರು ಗಂಟೆಗೆ ಬರುತ್ತೇನೆ ಅಂದರೆ ಆರಕ್ಕೇ ಹೋಗಬೇಕು. ಹೊಸ ಸುದ್ದಿ ಇಲ್ಲದಿದ್ದರೂ ಹೋಗಬೇಕು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುವವರಿಗೆ ಆ ಭೇಟಿಯೇ ದೊಡ್ಡದು.

ಮಕ್ಕಳ ಐಸಿಯು ತಜ್ಞರಾಗಲು ಎಂಡಿ ಪೀಡಿಯಾಟ್ರಿಕ್ಸ್ ಮೂರು ವರ್ಷ, ಆಮೇಲೆ ನೀಟ್ ಎಸ್‌ಎಸ್ ಎಂಬ ಪ್ರವೇಶ ಪರೀಕ್ಷೆ ಬರೆದು ಡಿಎಂ ಎಂಬ ಸೂಪರ್ ಸ್ಪೆಷಾಲಿಟಿ ಕೋರ್ಸ್ ಮತ್ತೆ ಮೂರು ವರ್ಷ. ಈ ದಾರಿಗೆ ಓದುತ್ತಿರುವ ಸ್ನಾತಕೋತ್ತರ (ಪಿಜಿ) ಡಾಕ್ಟರುಗಳು ನನ್ನ ಜೊತೆ ಇದ್ದಾರೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಗೆ ಅವರು ಕಷ್ಟಪಟ್ಟು ಓದುತ್ತಾರೆ, ಓದಲೇಬೇಕು. ಆದರೆ ಮಾತಿನ ಕೆಲಸ ಆ ಪುಸ್ತಕಗಳಿಂದ ಬರುವುದಿಲ್ಲ. 2019ರಿಂದ ಎಂಬಿಬಿಎಸ್‌ನಲ್ಲೇ ಸಂವಹನದ ಪಾಠ ಸೇರಿರುವುದು ನನಗೆ ತುಂಬ ಸಮಾಧಾನದ ವಿಷಯ. ಆದರೂ ಕೊಳವೆ ಹಾಕುವುದನ್ನು ಹೇಗೆ ಪಕ್ಕದಲ್ಲಿ ನಿಂತು ನೋಡಿ ಕಲಿಯುತ್ತೇವೋ, ಇದನ್ನೂ ಹಾಗೇ ಕಲಿಯಬೇಕು ಅಲ್ವಾ? ಸೀನಿಯರ್ ಮನೆಯವರ ಜೊತೆ ಮಾತಾಡುವಾಗ ಫೋನ್ ಜೇಬಿನಲ್ಲಿಟ್ಟು ಜೊತೆಗೆ ಕೂರಿ. ಸಿಸ್ಟರ್‌ಗಳನ್ನೂ ಕೇಳಿ. ಡಾಕ್ಟರಿಗೆ ಹೇಳದ್ದನ್ನು ಅಮ್ಮಂದಿರು ಅವರಿಗೆ ಹೇಳಿರುತ್ತಾರೆ. ಏನು ಹೇಳಿದಿರಿ ಎಂದು ಕೇಸ್ ಶೀಟ್‌ನಲ್ಲಿ ಎರಡು ಸಾಲು ಬರೆಯಿರಿ. ಇಲ್ಲದಿದ್ದರೆ ರಾತ್ರಿ ಡ್ಯೂಟಿಯವರು ಬೇರೆ ಥರ ಹೇಳಿ, ಮನೆಯವರು ಯಾರನ್ನೂ ನಂಬದಂತಾಗುತ್ತದೆ.

ರೌಂಡ್ಸ್‌ನಲ್ಲಿ ನಾನು ಪಿಜಿಗಳಿಗೆ ಕೇಳುವ ಪ್ರಶ್ನೆಗಳಲ್ಲಿ ಈಗ ಇದೂ ಒಂದು: "ಅಮ್ಮ ಏನು ಅರ್ಥ ಮಾಡ್ಕೊಂಡಿದ್ದಾರೆ?" "ಎಲ್ಲಾ ಹೇಳಿದೀನಿ ಸಾರ್" ಎಂಬ ಉತ್ತರ ಬಂದರೆ, ಅವರು ಹೊರಗೆ ಹೋಗಿ ಕೇಳಿಕೊಂಡು ಬರುವವರೆಗೆ ಆ ಹಾಸಿಗೆಯ ಹತ್ತಿರವೇ ಕಾಯುತ್ತೇನೆ.