ಅರಿಯಲೂರಿನ ಕಡಲು, ಕಲ್ಲಮೇಡಿನ ಮೂಳೆ

ಜಗತ್ತಿನ ಅತಿ ದೊಡ್ಡ ಡೈನೋಸಾರ್ ಯಾವುದು ಅಂತ ಹುಡುಕಿದರೆ ಅರ್ಜೆಂಟೀನಾದ ಪ್ರಾಣಿಗಳ ನಡುವೆ ನಮ್ಮ ಪಕ್ಕದ ರಾಜ್ಯದ್ದೊಂದು ಎದುರಾಗುತ್ತದೆ: ಬೃಹತ್ಕಾಯೋಸಾರಸ್. ತಮಿಳುನಾಡಿನ ಅರಿಯಲೂರು ಜಿಲ್ಲೆಯ ಕಲ್ಲಮೇಡು ಹಳ್ಳಿಯ ಹತ್ತಿರ ಸಿಕ್ಕಿದ್ದು. ಅದು ದೊಡ್ಡ ತಿಮಿಂಗಿಲಗಳಷ್ಟು ತೂಗುತ್ತಿತ್ತು ಅಂತ ಕೆಲವರು. ಅದು ಮೂಳೆಯೇ ಅಲ್ಲ, ಕಲ್ಲಾದ ಮರ ಇರಬಹುದು ಅಂತ ಇನ್ನು ಕೆಲವರು. ಮೊದಲು ಮಾಂಸಾಹಾರಿ ಅಂದರು, ಆಮೇಲೆ ಸೊಪ್ಪು ತಿನ್ನುವ ಪ್ರಾಣಿ ಅಂದರು. ಸರಿ, ಮೂಳೆ ತೆಗೆದು ಇನ್ನೊಮ್ಮೆ ಅಳೆಯೋಣ ಅಂದರೆ ಮೂಳೆಯೇ ಇಲ್ಲ. ಇಷ್ಟೆಲ್ಲ ಗೋಜಲು ಹೇಗಾಯಿತು ಅಂತ ತಿಳಿಯಬೇಕಾದರೆ ಆ ಮೂಳೆ ಹುದುಗಿದ್ದ ಮಣ್ಣಿನಿಂದಲೇ ಶುರು ಮಾಡಬೇಕು.

ಸುಮಾರು 13 ಕೋಟಿ ವರ್ಷಗಳ ಹಿಂದೆ ಭಾರತದ ನೆಲ ಅಂಟಾರ್ಕ್ಟಿಕಾದಿಂದ ಬಿಡಿಸಿಕೊಳ್ಳುತ್ತಿತ್ತು. ಆಗ ಪೂರ್ವದ ಅಂಚು ಸೀಳಿ, ಅಲ್ಲಲ್ಲಿ ಕುಸಿದು ದೊಡ್ಡ ತಗ್ಗುಗಳಾದವು. ಅಂಥದ್ದೊಂದು ತಗ್ಗಿಗೆ ಭೂವಿಜ್ಞಾನಿಗಳು ಕಾವೇರಿ ಬೇಸಿನ್ ಅನ್ನುತ್ತಾರೆ. ಹೆಸರು ಕೊಡಗಿನಲ್ಲಿ ಹುಟ್ಟುವ ನದಿಯದು, ತಗ್ಗನ್ನು ತುಂಬಿದ್ದು ಮಾತ್ರ ಬಹುಪಾಲು ಕಡಲು. ಕಡಲು ಹಲವು ಸಲ ಒಳಗೆ ಬಂತು, ಹಿಂದೆ ಸರಿಯಿತು. ಪ್ರತಿ ಸಲವೂ ಮರಳು, ಜೇಡಿ, ಸುಣ್ಣದ ಕೆಸರು ಬಿಟ್ಟುಹೋಯಿತು. ಹೀಗೆ ಕೂತ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಮೂರು ಗುಂಪು ಮಾಡಿದ್ದಾರೆ: ಉತ್ತತ್ತೂರು, ತಿರುಚಿನಾಪಳ್ಳಿ, ಅರಿಯಲೂರು. ಸುಮಾರು 11 ಕೋಟಿ ವರ್ಷದ ಹಿಂದಿನಿಂದ 6.6 ಕೋಟಿ ವರ್ಷದವರೆಗಿನ ಕಥೆ ಇವುಗಳಲ್ಲಿದೆ. ಕ್ರಿಟೇಷಿಯಸ್ ಕಾಲದ ಕಡಲನ್ನು ಕಾಲಿಗೆ ಮಣ್ಣು ಮೆತ್ತಿಸಿಕೊಂಡು ನೋಡಬೇಕು ಅನ್ನುವವರಿಗೆ ದಕ್ಷಿಣ ಭಾರತದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಪೆರಂಬಲೂರು ಜಿಲ್ಲೆಯ ಕಾರೈ ಊರಿನ ಹೊರಗೆ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಹಳದಿ, ಕೆಂಪು, ಬೂದು ಬಣ್ಣದ ಜೇಡಿ ದಿಬ್ಬಗಳು ಮಳೆ ನೀರಿಗೆ ಕೊರೆದು ಕೊರಕಲಾಗಿವೆ. ಹುಲ್ಲು ಕೂಡ ಸರಿಯಾಗಿ ಹಿಡಿಯುವುದಿಲ್ಲ. ಬಿಸಿಲಿಗೆ ಜಿಪ್ಸಮ್ ಹಾಳೆಗಳು ಗಾಜಿನ ಹಾಗೆ ಮಿನುಗುತ್ತವೆ. ಬಗ್ಗಿ ನೋಡಿದರೆ ಬೆರಳುದ್ದದ, ತುದಿ ಚೂಪಾದ ಕಂದು ಚೂರುಗಳು ಸಿಗುತ್ತವೆ. ಅವು ಬೆಲೆಮ್ನೈಟ್, ಅಂದರೆ ಇಂದಿನ ಸ್ಕ್ವಿಡ್‌ನ ದೂರದ ನೆಂಟನ ಒಳಗಿನ ಗಟ್ಟಿ ಭಾಗ. ಸುರುಳಿ ಚಿಪ್ಪಿನ ಅಮೋನೈಟ್‌ಗಳೂ ಇಲ್ಲಿವೆ. ಕಲ್ಲಕ್ಕುಡಿಯಲ್ಲಿ ಹವಳ ಕಟ್ಟಿದ ಸುಣ್ಣದ ಕಲ್ಲಿದೆ. ಗರುಡಮಂಗಲದ ಕಲ್ಲಲ್ಲಿ ಚಿಪ್ಪುಗಳು ಎಷ್ಟು ಒತ್ತಾಗಿವೆ ಅಂದರೆ ಅದಕ್ಕೆ ಪಾಲಿಶ್ ಕೊಟ್ಟು ತಿರುಚಿನಾಪಳ್ಳಿ ಮಾರ್ಬಲ್ ಅಂತ ಮಾರುತ್ತಿದ್ದರು. ಕಲ್ಲಂಕುರಿಚ್ಚಿಯಲ್ಲಿ ದಪ್ಪ ದಪ್ಪ ಸಿಂಪಿಗಳ ರಾಶಿಯೇ ಒಂದು ಪದರ. ಇವೆಲ್ಲ ಕಡಲಿನವು. ಅರಿಯಲೂರು ಗುಂಪಿನ ಕೊನೆಗೆ, ಕಲ್ಲಮೇಡಿನ ಪದರ ಕೂರುವ ಹೊತ್ತಿಗೆ, ಕಡಲು ಹಿಂದೆ ಸರಿದು ನದಿಯ ಮಣ್ಣು ಮರಳು ಬಂದು ಬಿದ್ದವು. ನೆಲದ ಪ್ರಾಣಿಗಳ ಮೂಳೆ ಅಲ್ಲಿ ಸಿಗುವುದು ಅದಕ್ಕೇ.

ಮೊದಲ ನೂರು ವರ್ಷ ಬೇಗ ಹೇಳಿ ಮುಗಿಸಬಹುದು. 1840ರ ದಶಕದಲ್ಲಿ ಪಾಂಡಿಚೇರಿ ಸುತ್ತಿನ ಚಿಪ್ಪುಗಳು ಲಂಡನ್ ಸೇರಿದವು. 1862ರಲ್ಲಿ ಬ್ಲಾನ್‌ಫೋರ್ಡ್ ಇಡೀ ಪ್ರದೇಶದ ವರದಿ ಬರೆದ. ಚಿಪ್ಪುಗಳನ್ನೆಲ್ಲ ಒಂದೊಂದಾಗಿ ವಿವರಿಸಿದ ಸ್ಟೋಲಿಚ್ಕಾ 1874ರಲ್ಲಿ, ಬರೀ 36ನೇ ವಯಸ್ಸಿನಲ್ಲಿ, ಲಡಾಖಿನ ದಾರಿಯಲ್ಲಿ ತೀರಿಹೋದ. 1929ರಲ್ಲಿ ಮ್ಯಾಟ್ಲಿ ತಿರುಚಿನಾಪಳ್ಳಿ ಜಿಲ್ಲೆಯ ಡೈನೋಸಾರ್‌ಗಳ ಬಗ್ಗೆ ಬರೆದ. ಇಲ್ಲಿಯವರೆಗೆ ಜಗಳ ಇರಲಿಲ್ಲ. ಚಿಪ್ಪು ಗಟ್ಟಿ, ಡಬ್ಬಿಯಲ್ಲಿ ಹಾಕಿ ಹಡಗು ಹತ್ತಿಸಿದರೂ ಕೆಡುವುದಿಲ್ಲ. ಇವತ್ತಿಗೂ ತೆಗೆದು ನೋಡಬಹುದು.

ಗೋಜಲು ಶುರುವಾದದ್ದು 1979ರಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಯಾದಗಿರಿ ಮತ್ತು ಅಯ್ಯಾಸಾಮಿ ದ್ರಾವಿಡೋಸಾರಸ್ ಎಂಬ ಪ್ರಾಣಿಯನ್ನು ಹೆಸರಿಸಿದರು. ಆ ಪ್ರಬಂಧ ಅಚ್ಚಾದದ್ದು ನಮ್ಮ ಬೆಂಗಳೂರಿನಲ್ಲೇ ನೆಲೆ ಇರುವ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಪತ್ರಿಕೆಯಲ್ಲಿ. ಬೆನ್ನ ಮೇಲೆ ಹಲಗೆ ಹೊತ್ತ ಸ್ಟೆಗೋಸಾರ್ ಜಾತಿ ಇದು ಅಂದರು. ನಿಜವಾದರೆ ದೊಡ್ಡ ಸುದ್ದಿ, ಯಾಕೆಂದರೆ ಬೇರೆ ಕಡೆ ಆ ಜಾತಿ ಈ ಪದರಗಳು ಕೂರುವ ಹೊತ್ತಿಗೆ ಹೆಚ್ಚುಕಡಿಮೆ ಮುಗಿದುಹೋಗಿತ್ತು. 1996ರಲ್ಲಿ ಶಂಕರ್ ಚಟರ್ಜಿ ಮತ್ತು ರುದ್ರ ಅದನ್ನು ಒಪ್ಪಲಿಲ್ಲ. ಸಿಕ್ಕಿದ್ದು ಕಡಲಿನ ಪದರದಲ್ಲಿ, ಇವು ಪ್ಲೀಸಿಯೋಸಾರ್ ಎಂಬ ಈಜುವ ಸರೀಸೃಪದ ಮೂಳೆಗಳು ಅಂದರು. ಆ ವಾದ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಇನ್ನು ಕಲ್ಲಮೇಡಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 1987ರಲ್ಲಿ ಅದೇ ಯಾದಗಿರಿ ಮತ್ತು ಅಯ್ಯಾಸಾಮಿ ಬೃಹತ್ಕಾಯೋಸಾರಸ್ ಮ್ಯಾಟ್ಲೈ ಎಂದು ಇನ್ನೊಂದು ಹೆಸರಿಟ್ಟರು. ಸೊಂಟದ ಮೂಳೆಗಳು, ತೊಡೆ ಮೂಳೆಯ ತುಂಡು, ಮುಂಗೈ ಮೂಳೆ, ಬಾಲದ ಒಂದು ಬೆನ್ನೆಲುಬು ಸಿಕ್ಕಿದ್ದವು. ಎಲ್ಲಕ್ಕಿಂತ ಮುಖ್ಯವಾದದ್ದು ಮೊಣಕಾಲಿನ ಕೆಳಗಿನ ಮೂಳೆ. ಅದರ ಉದ್ದ 2 ಮೀಟರ್ ಅಂತ ಬರೆದರು. ಅರ್ಜೆಂಟೀನೋಸಾರಸ್‌ನ ಅದೇ ಮೂಳೆ ಸುಮಾರು 1.55 ಮೀಟರ್. ಅಂದರೆ ಒಂದು ಮೂಳೆಯಲ್ಲೇ ಅರ್ಧ ಮೀಟರ್‌ನಷ್ಟು ಜಾಸ್ತಿ! ಆದರೆ ಪ್ರಬಂಧದಲ್ಲಿದ್ದದ್ದು ಗೆರೆ ಚಿತ್ರಗಳು, ಒಳ್ಳೆಯ ಫೋಟೋ ಇರಲಿಲ್ಲ. ಪ್ರಾಣಿಯನ್ನು ಮಾಂಸಾಹಾರಿಗಳ ಸಾಲಿಗೆ ಹಾಕಿದ್ದರು. ಎಂಟು ವರ್ಷ ಕಳೆದ ಮೇಲೆ ಚಟರ್ಜಿ, ಇದು ಉದ್ದ ಕತ್ತಿನ ಸಸ್ಯಾಹಾರಿ ಸೌರೋಪಾಡ್ ಅಂದರು. ಈಗ ಹೆಚ್ಚಿನವರು ಒಪ್ಪುವುದು ಅದನ್ನೇ.

ಅಷ್ಟು ಹೊತ್ತಿಗೆ ಮೂಳೆಗಳ ಕಥೆ ಬೇರೆಯೇ ಆಗಿತ್ತು. ಕಲ್ಲಮೇಡಿನ ಪದರ ಗಟ್ಟಿ ಬಂಡೆಯಲ್ಲ. ಜೇಡಿ ಮತ್ತು ಸಡಿಲ ಮರಳುಗಲ್ಲು. ಹಿಂಗಾರು ಮಳೆಗೆ ಜೇಡಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಒಳಗಿನ ಮೂಳೆಯೂ ಅದರ ಜತೆಗೇ ಬಿರಿಯುತ್ತದೆ. ಮೇಲೆ ಬಂದ ಮೂಳೆ ಚಹಾದಲ್ಲಿ ನೆನೆದ ಬಿಸ್ಕತ್ತಿನ ಹಾಗೆ, ಎತ್ತಲು ಹೋದರೆ ಕೈಯಲ್ಲೇ ಉದುರುತ್ತದೆ.

ಅಂಥ ಮೂಳೆ ತೆಗೆಯುವುದಕ್ಕೆ ಒಂದು ಕ್ರಮ ಇದೆ. ಮೇಲಿನ ಮಣ್ಣನ್ನು ಬ್ರಷ್‌ನಿಂದ ಬಿಡಿಸಬೇಕು. ಬಿರುಕುಗಳಿಗೆ ತೆಳು ಅಂಟು ಕುಡಿಸಬೇಕು. ಒದ್ದೆ ಕಾಗದ ಹೊದಿಸಿ, ಪ್ಲಾಸ್ಟರ್‌ನಲ್ಲಿ ಅದ್ದಿದ ಗೋಣಿ ಪಟ್ಟಿಗಳನ್ನು ಸುತ್ತಬೇಕು. ಅದು ಗಟ್ಟಿಯಾದ ಮೇಲೆ ಅಡಿಯ ಮಣ್ಣಿನ ಸಮೇತ ಕಿತ್ತು, ಮಗುಚಿ, ಇನ್ನೊಂದು ಬದಿಗೂ ಅದನ್ನೇ ಮಾಡಬೇಕು. ಎರಡು ಮೀಟರ್ ಉದ್ದದ ಮೂಳೆಗೆ ಇದನ್ನೆಲ್ಲ ಮಾಡಬೇಕಾದರೆ ಹಣ ಬೇಕು, ಜನ ಬೇಕು, ಎತ್ತುವ ಯಂತ್ರ ಬೇಕು, ಮಳೆಗೆ ಮೊದಲು ಮುಗಿಯಬೇಕು. ತಂದ ಮೇಲೆ ಇಡಲು ಒಣ ಜಾಗ, ಬಿಡಿಸಲು ನುರಿತ ಕೈ ಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಸಾಕು. ಇಲ್ಲಿ ಪ್ಲಾಸ್ಟರ್ ಸುತ್ತಿದ್ದ ಮೂಳೆಗಳೂ ಒಳಗೊಳಗೇ ಪುಡಿಯಾದವು. ಮೂಳೆಗಳು ಈಗ ಉಳಿದಿಲ್ಲ ಅನ್ನುವ ಮಾತು 2017ರಲ್ಲಿ ಗಾಲ್ಟನ್ ಮತ್ತು ಅಯ್ಯಾಸಾಮಿ ಬರೆದ ಪ್ರಬಂಧದಲ್ಲಿ ಅಚ್ಚಾಯಿತು. ಹೆಸರಿಟ್ಟು ಆಗಲೇ 30 ವರ್ಷ.

ಮೂಳೆ ಇಲ್ಲದ ಕಡೆ ಅನುಮಾನ ಹುಟ್ಟುವುದು ಸಹಜ ಅಲ್ವಾ? ಈ ಸೀಮೆಯಲ್ಲಿ ಕಲ್ಲಾದ ಮರಕ್ಕೇನೂ ಕೊರತೆ ಇಲ್ಲ. ಸಾತ್ತನೂರಿನಲ್ಲಿ ಸುಮಾರು 18 ಮೀಟರ್ ಉದ್ದದ ಕಲ್ಲಾದ ಕಾಂಡ ಇವತ್ತಿಗೂ ಬಯಲಲ್ಲಿ ಬಿದ್ದಿದೆ. ಕಲ್ಲಮೇಡಿನದೂ ಅಂಥದ್ದೇ ಇರಬಹುದು ಅಂತ ಕೆಲವರು ಬರೆದರು. 2022ರಲ್ಲಿ ಪಾಲ್ ಎಂಬ ಇನ್ನೊಬ್ಬ ಸಂಶೋಧಕರ ಜತೆ ಅಯ್ಯಾಸಾಮಿ ಹಳೆಯ ಫೋಟೋಗಳನ್ನು ಹೊರಗೆ ತಂದರು. ಮೂಳೆ ಅಗೆದ ಜಾಗದಲ್ಲೇ ತೆಗೆದ ಚಿತ್ರಗಳು. ಮರದ ವಾದ ಅಲ್ಲಿಗೆ ತುಂಬಾ ಸೊರಗಿತು. 2023ರಲ್ಲಿ ಗ್ರೆಗರಿ ಪಾಲ್ (ಇವರು ಬೇರೆ ಪಾಲ್) ಮತ್ತು ಲರಾಮೆಂಡಿ ಲೆಕ್ಕ ಹಾಕಿ 110ರಿಂದ 170 ಟನ್‌ವರೆಗೆ ತೂಗಿರಬಹುದು ಅಂದರು. ಪತ್ರಿಕೆಗಳಲ್ಲಿ ಬಂದದ್ದು ಆ ಟನ್‌ಗಳು. ಆ ಲೆಕ್ಕ ನಿಂತಿರುವುದು ಮಣ್ಣಾಗಿ ಹೋದ ಮೂಳೆಯ ಹಳೆಯ ಅಳತೆಗಳ ಮೇಲೆ ಅನ್ನುವುದು ಅಷ್ಟು ದೂರ ಹೋಗಲಿಲ್ಲ. ಪ್ರಾಣಿ ತುಂಬಾ ದೊಡ್ಡದಿತ್ತು ಅನ್ನುವುದನ್ನು ನಾನು ನಂಬುತ್ತೇನೆ. ಟನ್ ಲೆಕ್ಕವನ್ನು ಮಾತ್ರ ಯಾರೂ ಎದೆ ತಟ್ಟಿ ಹೇಳುವ ಹಾಗಿಲ್ಲ.

ಇದೇ ಕಲ್ಲಮೇಡಿನಿಂದ ಬಂದ ಇನ್ನೊಂದು ವಸ್ತುವನ್ನು ಪಕ್ಕದಲ್ಲಿಟ್ಟು ನೋಡಿ. 2013ರಲ್ಲಿ ಗೋಸ್ವಾಮಿ, ಜಿ.ವಿ.ಆರ್. ಪ್ರಸಾದ್ ಮತ್ತು ಜತೆಗಾರರು ಒಂದು ಪುಟ್ಟ ಹಲ್ಲನ್ನು ವಿವರಿಸಿದರು. ಅದು ಟ್ರೂಡಾಂಟಿಡ್ ಎಂಬ ಸಣ್ಣ, ಹಕ್ಕಿಗಳಿಗೆ ಹತ್ತಿರದ ಡೈನೋಸಾರ್‌ನದು. ಆವರೆಗೆ ಆ ಕುಟುಂಬ ಉತ್ತರದ ಖಂಡಗಳದ್ದು ಅಂತಲೇ ಎಲ್ಲರೂ ತಿಳಿದಿದ್ದರು. ಒಂದೇ ಒಂದು ಹಲ್ಲು ಆ ತಿಳಿವಳಿಕೆಯನ್ನು ಅಲ್ಲಾಡಿಸಿತು. 2001ರಲ್ಲಿ ಹೆಸರು ಪಡೆದ ಕೂರ್ಮಡೆಮಿಸ್ ಕಲ್ಲಮೇಡೆನ್ಸಿಸ್ ಎಂಬ ಆಮೆಯೂ ಇಲ್ಲಿಯದೇ. ಅದರ ಹತ್ತಿರದ ಬಂಧು ಮಡಗಾಸ್ಕರ್‌ನಲ್ಲಿ ಸಿಕ್ಕಿದೆ. ಎರಡೂ ನೆಲ ಒಂದಾಗಿದ್ದ ಕಾಲದ ಗುರುತು ಅದು. ಈ ಹಲ್ಲು, ಈ ಆಮೆಯ ಬಗ್ಗೆ ಸುದ್ದಿಮನೆಗಳಲ್ಲಿ ಗದ್ದಲ ಆಗಲಿಲ್ಲ. ನನ್ನ ಕೇಳಿದರೆ ಕಲ್ಲಮೇಡು ಕೊಟ್ಟ ಅತಿ ದೊಡ್ಡ ವಿಷಯ ಇವೇ.

ಇಷ್ಟರ ನಡುವೆ ಅರಿಯಲೂರು ಅಂದರೆ ಸಿಮೆಂಟ್. ಕಲ್ಲಂಕುರಿಚ್ಚಿಯ ಸಿಂಪಿ ಪದರ, ಕಲ್ಲಕ್ಕುಡಿಯ ಹವಳದ ಕಲ್ಲು, ಎಲ್ಲವೂ ಒಳ್ಳೆಯ ಸುಣ್ಣ. ಹಾಗಾಗಿ ದಶಕಗಳಿಂದ ಗೂಡಿಗೆ ಹೋಗುತ್ತಿವೆ. ಕ್ವಾರಿಯನ್ನು ಬರೀ ಬೈಯುವ ಹಾಗೂ ಇಲ್ಲ. ಅಲ್ಲಿ ಅಗೆಯದಿದ್ದರೆ ಎಷ್ಟೋ ಪದರಗಳು ಕಣ್ಣಿಗೇ ಬೀಳುತ್ತಿರಲಿಲ್ಲ. ಕಾಲೇಜು ಹುಡುಗರು ಪಾಠ ಕಲಿಯುವುದೂ ಆ ಗೋಡೆಗಳ ಮುಂದೆಯೇ. ಆದರೆ ಇವತ್ತು ಕಂಡ ಪದರ ಮುಂದಿನ ವರ್ಷ ಇರುವುದಿಲ್ಲ. 2020ರ ಕೊನೆಯಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂ ಹತ್ತಿರ ಉರುಟು ಕಲ್ಲುಗಳು ಸಿಕ್ಕಾಗ ಡೈನೋಸಾರ್ ಮೊಟ್ಟೆ ಅಂತ ಜನ ಜಾತ್ರೆಯಂತೆ ಸೇರಿದರು. ಮೊಟ್ಟೆಯಲ್ಲ, ಕಡಲಿನ ಕೆಸರು ಗಂಟುಕಟ್ಟಿ ಆದ ಕಲ್ಲು ಅಂತ ತಿಳಿದವರು ಹೇಳಬೇಕಾಯಿತು. ಜನರಿಗೆ ಆಸಕ್ತಿ ಇದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪಳೆಯುಳಿಕೆಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನು ಇಲ್ಲದೆ ದಶಕಗಳೇ ಕಳೆದವು. 1972ರ ಪ್ರಾಚ್ಯವಸ್ತು ಕಾಯ್ದೆಯ ಗಮನವೆಲ್ಲ ಮನುಷ್ಯ ಮಾಡಿದ ವಸ್ತುಗಳ ಮೇಲೆ. ಸಾತ್ತನೂರಿನ ಮರಕ್ಕೂ ಕಾರೈ ದಿಬ್ಬಗಳಿಗೂ ಲಾಲ್‌ಬಾಗಿನ ಬಂಡೆಗಿರುವ ಹಾಗೇ ಭೂವೈಜ್ಞಾನಿಕ ಸ್ಮಾರಕದ ಪಟ್ಟ ಇದೆ. ಪಟ್ಟವೇನೋ ಸರಿ, ಬೇಲಿ ಮತ್ತು ಕಾವಲು ಅದರ ಜತೆ ತಾನಾಗಿ ಬರುವುದಿಲ್ಲ. 2022ರ ಡಿಸೆಂಬರಿನಲ್ಲಿ ಗಣಿ ಸಚಿವಾಲಯ ಭೂಪರಂಪರೆಯ ತಾಣಗಳ ರಕ್ಷಣೆಗೆ ಕರಡು ಮಸೂದೆ ಹೊರಡಿಸಿ ಅಭಿಪ್ರಾಯ ಕೇಳಿತು. ಅಧಿಕಾರವೆಲ್ಲ ಒಂದೇ ಸಂಸ್ಥೆಯ ಕೈಗೆ ಹೋಗುತ್ತದೆ, ವಿಶ್ವವಿದ್ಯಾಲಯದವರ ಕೆಲಸ ಕಷ್ಟವಾಗುತ್ತದೆ ಎಂದು ಹಲವು ವಿಜ್ಞಾನಿಗಳು ತಕರಾರು ಎತ್ತಿದರು. ಆ ತಕರಾರಿನಲ್ಲಿ ಹುರುಳಿದೆ. ಕಲ್ಲಮೇಡಿನ ಪುಟ್ಟ ಹಲ್ಲಿನ ಕೆಲಸದಲ್ಲಿ ವಿಶ್ವವಿದ್ಯಾಲಯದವರ ಪಾಲು ದೊಡ್ಡದು.

ಅರಿಯಲೂರಿನ ಹತ್ತಿರ ವಾರಣವಾಸಿಯಲ್ಲಿ ಈಗ ಪಳೆಯುಳಿಕೆಗಳ ಮ್ಯೂಸಿಯಂ ಇದೆ. ಇಡುವ ಜಾಗದ ಪ್ರಶ್ನೆಗೆ ಅದು ಸ್ವಲ್ಪ ಮಟ್ಟಿಗೆ ಉತ್ತರ. ಎತ್ತುವ ಪ್ರಶ್ನೆ ಹಾಗೇ ಉಳಿದಿದೆ. ಜೆಸಿಬಿಯವನೋ ಕುರಿ ಕಾಯುವವನೋ ಮೂಳೆ ಕಂಡು ಫೋನ್ ಮಾಡಿದರೆ, ಪ್ಲಾಸ್ಟರ್, ಅಂಟು, ಗೋಣಿ ಹಿಡಿದು ಅದೇ ದಿನ ಹೊರಡುವ ನಾಲ್ಕು ಜನ ಜಿಲ್ಲೆಯಲ್ಲೇ ಇರಬೇಕು. ಮಸೂದೆಯ ಮುಂದಿನ ಕರಡು ಬರೆಯುವವರು ಇಷ್ಟಕ್ಕೆ ಒಂದು ಸಾಲು, ಮತ್ತೆ ಅದಕ್ಕೆ ಬೇಕಾದ ಹಣ ಇಟ್ಟರೂ ಕಲ್ಲಮೇಡಿಗೆ ದೊಡ್ಡ ಉಪಕಾರ.