ಗಳಿಗೆಗೆ ಆರು ಡಿಗ್ರಿ

ಮಂಡ್ಯದ ಕಡೆಯ ರೈತರೊಬ್ಬರು ‘ಮಬ್ಬಲ್ಲೇ ಎದ್ದು ಗದ್ದೆಗೆ ನೀರು ಕಟ್ಟಿ ಬಂದೆ’ ಎಂದರೆ, ಕೇಳಿದವರು ಮತ್ತೆ ಗಂಟೆ ಎಷ್ಟೆಂದು ವಿಚಾರಿಸುವುದಿಲ್ಲ. ಕೋಳಿ ಕೂಗುವ ಹೊತ್ತು ಎಂದಿದ್ದರೆ ಇನ್ನೂ ಕತ್ತಲೆ. ಹೊತ್ತಾರೆ ಎಂದಿದ್ದರೆ ಆಗಲೇ ಬೆಳಕು ಹರಿದಿತ್ತು. ಮಬ್ಬು ಇವೆರಡರ ನಡುವಿನದು, ಎದುರಿಗೆ ಬರುವವರ ಆಕಾರ ಕಂಡರೂ ಮುಖ ಗುರುತು ಹತ್ತದ ಹೊತ್ತು. ಬರಹದ ಕನ್ನಡದ ನಸುಕೂ ಹೆಚ್ಚುಕಡಿಮೆ ಇದೇ. ನಸುನಗೆಯಲ್ಲಿರುವ ‘ನಸು’ವೇ ಅದರಲ್ಲಿಯೂ ಇದೆ. ಬೆಳ್ಳಿ ಮೂಡುವ ಹೊತ್ತನ್ನು ಮಾತ್ರ ನೆಚ್ಚುವಂತಿಲ್ಲ, ಏಕೆಂದರೆ ಶುಕ್ರ ತನ್ನ 584 ದಿನಗಳ ಸುತ್ತಿನಲ್ಲಿ ಎಂಟೂವರೆ ತಿಂಗಳಷ್ಟು ಕಾಲ ಬೆಳಗಿನಲ್ಲಿ ಕಂಡು, ಸುಮಾರು ಅಷ್ಟೇ ಕಾಲ ಸಂಜೆಯ ಪಾಲಾಗುತ್ತಾನೆ.

ಈ ಪದಗಳನ್ನೆಲ್ಲ ನಾವು ಕವಿಗಳಿಗೆ ಬಿಟ್ಟುಕೊಟ್ಟಿದ್ದೇವೆ. ನನಗೆ ಇವು ಅಳತೆಯ ಪದಗಳಾಗಿ ಕಾಣುತ್ತವೆ: ಸೂರ್ಯ ದಿಗಂತದಿಂದ ಎಷ್ಟು ಕೆಳಗಿದ್ದಾನೆ ಎಂಬುದರ ಅಳತೆ. ಖಗೋಳಶಾಸ್ತ್ರಜ್ಞರು ಈ ಆಳವನ್ನು 18, 12 ಮತ್ತು 6 ಡಿಗ್ರಿಗಳಲ್ಲಿ ಗುರುತಿಸುತ್ತಾರೆ. 18ರಲ್ಲಿ ಅತಿ ಮಸುಕಾದ ನಕ್ಷತ್ರಗಳು ಅಳಿಸತೊಡಗುತ್ತವೆ, 12ರಲ್ಲಿ ನಾವಿಕನಿಗೆ ಕಡಲಿನ ಅಂಚು ಕಾಣುತ್ತದೆ, 6ರಲ್ಲಿ ದೀಪವಿಲ್ಲದೆ ಹೊರಗಿನ ಕೆಲಸ ಸಾಗುತ್ತದೆ. ಇನ್ನು ನಮ್ಮ ಲೆಕ್ಕ: ದಿನವೊಂದಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ. ಭೂಮಿ 60 ಗಳಿಗೆಯಲ್ಲಿ 360 ಡಿಗ್ರಿ ತಿರುಗುವುದರಿಂದ ಒಂದು ಗಳಿಗೆಗೆ ಸರಿಯಾಗಿ 6 ಡಿಗ್ರಿ. ಸೂರ್ಯೋದಯದಿಂದ ಎಣಿಸಿ 57 ಗಳಿಗೆ ಕಳೆದರೆ ಅರುಣೋದಯ, 58 ಕಳೆದರೆ ಪ್ರಾತಃಕಾಲ ಎಂದು ಪಂಚಾಂಗದವರು ಹೇಳುವ ಶ್ಲೋಕವೊಂದಿದೆ. ಅಂದರೆ ಮರುದಿನದ ಸೂರ್ಯೋದಯಕ್ಕೆ ಕ್ರಮವಾಗಿ ಮೂರು ಮತ್ತು ಎರಡು ಗಳಿಗೆ ಮೊದಲು. ಮೂರಾರಲಿ ಹದಿನೆಂಟು, ಎರಡಾರಲಿ ಹನ್ನೆರಡು! ಈ ಗುಣಾಕಾರ ಮೊದಲು ಹೊಳೆದ ದಿನ ನಾನು ಕಾಫಿ ಆರಿದ್ದನ್ನೂ ಗಮನಿಸಲಿಲ್ಲ.

ಆದರೆ ಇದನ್ನು ಓದಿ ‘ಪೂರ್ವಿಕರಿಗೆ 18 ಡಿಗ್ರಿ ಗೊತ್ತಿತ್ತು’ ಎಂದು ಯಾರೂ ಸಂದೇಶ ಹರಡಬಾರದು. ಅರುಣೋದಯ ನಾಲ್ಕು ಗಳಿಗೆ ಮೊದಲು ಎನ್ನುವ ಗ್ರಂಥಗಳೂ ಇವೆ. ಅಲ್ಲದೆ ಈ ಹೊಂದಾಣಿಕೆ ನಮ್ಮ ಅಕ್ಷಾಂಶದ ಕೊಡುಗೆ. ಮೈಸೂರು ಸಮಭಾಜಕದಿಂದ 12 ಡಿಗ್ರಿಯಷ್ಟೇ ಉತ್ತರಕ್ಕಿರುವುದರಿಂದ ಇಲ್ಲಿ ಸೂರ್ಯ ಬಾವಿಯಿಂದ ಸೇದಿದ ಕೊಡದಂತೆ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ, ಮೊದಲ ಬೆಳಕಿನಿಂದ ಉದಯದವರೆಗಿನ ಅವಧಿ ವರ್ಷವಿಡೀ 70ರಿಂದ 80 ನಿಮಿಷಗಳೊಳಗೇ ಇರುತ್ತದೆ. ಲಂಡನ್ನಿನಲ್ಲಿ ಅವನು ಓರೆಯಾಗಿ ಹತ್ತುತ್ತಾನೆ. ಜೂನ್ ತಿಂಗಳಲ್ಲಂತೂ ಅಲ್ಲಿ ಸೂರ್ಯ ನಡುರಾತ್ರಿಯಲ್ಲೂ 18 ಡಿಗ್ರಿ ಇಳಿಯುವುದಿಲ್ಲವಾದ್ದರಿಂದ ಶ್ಲೋಕದ ಲೆಕ್ಕ ನಿಲ್ಲುವುದಿಲ್ಲ.

ಸೂರ್ಯನೇ ಕೆಳಗಿರುವಾಗ ಬೆಳಕು ಬರುವುದಾದರೂ ಎಲ್ಲಿಂದ? ಮೈಸೂರು ಊರಿಗಿಂತ ಸುಮಾರು 300 ಮೀಟರ್ ಎತ್ತರದ ಚಾಮುಂಡಿ ಬೆಟ್ಟದ ನೆತ್ತಿಗೆ, ಪೂರ್ವದ ದಿಗಂತ ತೆರವಾಗಿದ್ದರೆ, ಊರಿಗಿಂತ ಎರಡು ನಿಮಿಷ ಮೊದಲೇ ಬಿಸಿಲು ತಾಗುತ್ತದೆ. ಬೆಟ್ಟವನ್ನು ಮನಸ್ಸಿನಲ್ಲೇ ಬೆಳೆಸುತ್ತ ಹೋಗಿ. 35 ಕಿಲೋಮೀಟರ್ ಎತ್ತರದ ಬೆಟ್ಟವೊಂದು ಪೂರ್ವದ ಅಂಚಿನಾಚೆಯಿಂದ ತುದಿಯಷ್ಟನ್ನೇ ನಮಗೆ ತೋರುತ್ತಿದ್ದರೆ, ಸೂರ್ಯ 12 ಡಿಗ್ರಿ ಕೆಳಗಿರುವಾಗಲೇ ಆ ತುದಿ ಬೆಳಗುತ್ತದೆ; 18 ಡಿಗ್ರಿಗೆ ಸುಮಾರು 79 ಕಿಲೋಮೀಟರ್ ಎತ್ತರ ಬೇಕು. ಅಂಥ ಬೆಟ್ಟ ಇದ್ದೇ ಇದೆ, ಅದು ಗಾಳಿಯದು. ಹಟ್ಟಿಯ ಮೂಲೆಯಲ್ಲಿ ಲಾಟೀನು ಹಚ್ಚಿ ಮುಂದೆ ಬುಟ್ಟಿ ಅಡ್ಡವಿಟ್ಟರೆ ನೆಲ ಕತ್ತಲಾಗಿಯೇ ಇದ್ದು ಮಾಡಿನ ಹೆಂಚು ಬೆಳಗುತ್ತದಲ್ಲ, ಬುಟ್ಟಿಯ ಜಾಗದಲ್ಲಿ ಭೂಮಿಯನ್ನಿಡಿ. ಆ ಹೆಂಚಿನಿಂದ ಚದುರಿ ಕೆಳಗಿಳಿದ ಬೆಳಕೇ ಮಬ್ಬು. 11ನೆಯ ಶತಮಾನದಲ್ಲಿ ಸ್ಪೇನಿನ ಇಬ್ನ್ ಮುಆದ್ ಎಂಬ ಗಣಿತಜ್ಞ ಇದನ್ನೇ ತಿರುಗಿಸಿ ಕೇಳಿದ: ಮೊದಲ ಬೆಳಕು ಇಷ್ಟು ಡಿಗ್ರಿಗೆ ಕಾಣುವುದಾದರೆ ಹೆಂಚು ಎಷ್ಟು ಎತ್ತರದಲ್ಲಿರಬೇಕು? ಅವನಿಗೆ ದೊರೆತ ಉತ್ತರ 50 ಮೈಲಿಗಿಂತ ತುಸು ಹೆಚ್ಚು. ದೂರದರ್ಶಕವಿಲ್ಲ, ವಿಮಾನವಿಲ್ಲ, ಬರೀ ನಸುಕು ಮತ್ತು ರೇಖಾಗಣಿತ.

ಬ್ರಾಹ್ಮೀ ಮುಹೂರ್ತದಲ್ಲಿ ಓಝೋನ್ ಕೆಳಗಿಳಿದು ಶ್ವಾಸಕೋಶವನ್ನು ಶುದ್ಧಗೊಳಿಸುತ್ತದೆ ಎಂಬ ಸಂದೇಶ ನನ್ನ ಫೋನಿಗೆ ಬಾರದ ತಿಂಗಳಿಲ್ಲ. ನೆಲಮಟ್ಟದ ಓಝೋನ್ ಶ್ವಾಸಕೋಶಕ್ಕೆ ಕೇಡು. ನಸುಕಿಗೂ ಓಝೋನಿಗೂ ಇರುವ ನಂಟು ಬೇರೆ: ಬೆಳಕು ಅಡ್ಡಡ್ಡವಾಗಿ ಗಾಳಿಯಲ್ಲಿ ಬಹುದೂರ ಸಾಗುವಾಗ, 20-25 ಕಿಲೋಮೀಟರ್ ಮೇಲೆ ದಟ್ಟವಾಗಿರುವ ಓಝೋನ್ ಅದರ ಕಿತ್ತಳೆ, ಹಳದಿ ಭಾಗವನ್ನು ಹೀರಿಕೊಳ್ಳುವುದರಿಂದಲೇ ನೆತ್ತಿಯ ಆಕಾಶಕ್ಕೆ ಆ ಗಾಢ ನೀಲಿ.

ಅರುಣ ಎಂದರೆ ಕೆಂಪು. ಆದರೆ ಮೂರು ಗಳಿಗೆ ಮೊದಲಿನ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಕಾಣದು, ಏಕೆಂದರೆ ಬಣ್ಣ ತಿಳಿಯುವ ಶಂಕುಕೋಶಗಳು ಆಗಿನ್ನೂ ಕೆಲಸಕ್ಕೆ ಬಂದಿರುವುದಿಲ್ಲ. ಮಾರ್ಚ್ 21ರ ಸುಮಾರಿಗೆ ಮೈಸೂರಿನಲ್ಲಿ ಸೂರ್ಯೋದಯ 6:27ರ ಹೊತ್ತಿಗೆ. 5:17ಕ್ಕೆ ಪೂರ್ವದಲ್ಲಿ ಬೂದಿಯ ಸೋಂಕು. 5:41ಕ್ಕೆ ಅಂಗಳದ ಕಣಗಿಲೆ ಗಿಡ ಗಿಡವೆಂದು ತಿಳಿಯುತ್ತದೆ, ಎಲೆಗಳು ಬಿಳಿಚಿ, ಕೆಂಪು ಹೂಗಳು ಕಪ್ಪು ಚುಕ್ಕೆಗಳಾಗಿ. ಪೂಜೆಗೆ ಹೂ ಬಿಡಿಸಲು ಬರುವ ಪಕ್ಕದ ಮನೆಯ ಅಜ್ಜಿ ಆ ಹೊತ್ತಿನಲ್ಲಿ ಕೈಯಿಂದ ತಡವಿಯೇ ಹೂವನ್ನೂ ಮೊಗ್ಗನ್ನೂ ಬೇರ್ಪಡಿಸುತ್ತಾರೆ. 6:06ರ ಆಸುಪಾಸಿನಲ್ಲಿ ಬುಟ್ಟಿಯೊಳಗಿನ ಹೂಗಳಿಗೆ ಕೆಂಪು ಬರುತ್ತದೆ.